ಮನೆಯ ಮಾತು, ಶಾಲೆಯ ಮಾತು: ಕೊಯಮತ್ತೂರು ಸೀಮೆಯ ಕನ್ನಡ ಮಕ್ಕಳ ವಿದ್ಯಾಭ್ಯಾಸದ ಚರಿತ್ರೆ

ಸಂಘದ ವಾರ್ಷಿಕೋತ್ಸವದ ಸಂಚಿಕೆಗೆ ಲೇಖನ ಬರೆಯುವವರು ಕದಂಬ, ಗಂಗ, ಹೊಯ್ಸಳರ ಕೀರ್ತಿಯಿಂದ ಆರಂಭಿಸುವುದು ವಾಡಿಕೆ. ಆ ಕೀರ್ತಿ ನಮಗೂ ಪ್ರಿಯವಾದುದೇ. ಆದರೆ ಈ ಸಲ ಅರಮನೆಯ ಬಾಗಿಲನ್ನು ಬಿಟ್ಟು ಶಾಲೆಯ ಬಾಗಿಲಿನಿಂದ ಚರಿತ್ರೆಯೊಳಕ್ಕೆ ಪ್ರವೇಶಿಸಬೇಕೆಂದು ನಮ್ಮ ಅಪೇಕ್ಷೆ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಕುಟುಂಬಗಳ ಮಕ್ಕಳು, ಶಾಲೆಗೆ ಸೇರಿದ ಮೊದಲ ಕೆಲವು ವರ್ಷಗಳಲ್ಲಿ ಇತರ ಮಕ್ಕಳಿಗಿಂತ ಹಿಂದೆ ಬೀಳುವುದುಂಟು. ಇದನ್ನು ಹೆತ್ತವರು ಬಲ್ಲರು, ಉಪಾಧ್ಯಾಯರೂ ಬಲ್ಲರು. 'ಹುಡುಗನ ಬುದ್ಧಿ ಮಂದ' ಎಂಬ ತೀರ್ಪು ಮಾತ್ರ ಬಹು ಬೇಗನೆ ಹೊರಬೀಳುತ್ತದೆ. ಈ ತೀರ್ಪು ನ್ಯಾಯವಾದುದೇ? ಈ ಅಂತರ ಎಲ್ಲಿ ಹುಟ್ಟಿತು, ಯಾವ ಯಾವ ಕಾರಣಗಳಿಂದ ಬೆಳೆಯಿತು, ಇದನ್ನು ತುಂಬುವ ಬಗೆ ಯಾವುದು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ನಾವು ಬಾಲಕರಾಗಿದ್ದಾಗ ನಡೆದ ಒಂದು ಸಂಗತಿ ಇನ್ನೂ ಮನಸ್ಸಿನಲ್ಲಿ ಹಸಿಯಾಗಿಯೇ ಇದೆ. ನಮ್ಮದು ಮಗ್ಗದ ಬೀದಿ. ಬೆಳಕು ಹರಿಯುವ ಮೊದಲೇ ಲಾಳಿಯ ಸದ್ದು ಕೇಳಿಬರುವ ಮನೆಗಳು. ನಮ್ಮ ಜೊತೆಯ ಹುಡುಗನೊಬ್ಬನು ಏಳನೆಯ ವಯಸ್ಸಿಗೇ ನೂಲಿನ ಲೆಕ್ಕವನ್ನು ಬಾಯಲ್ಲಿ ಹೇಳಬಲ್ಲವನಾಗಿದ್ದನು. ತಂದ ನೂಲು ಎಷ್ಟು ಸೀರೆಗೆ ಸಾಕು, ಎಷ್ಟು ಮಿಗುತ್ತದೆ ಎಂದು ಅವನ ತಂದೆ ಕೇಳಿದರೆ ಥಟ್ಟನೆ ಉತ್ತರ ಬರುತ್ತಿತ್ತು. ಅದೇ ಹುಡುಗ ಶಾಲೆಯಲ್ಲಿ ಭಾಗಾಕಾರದ ಲೆಕ್ಕಕ್ಕೆ ಸೊನ್ನೆ ಪಡೆದು ಬೆಂಚಿನ ಮೇಲೆ ನಿಂತನು. ಕರಿಹಲಗೆಯ ಮೇಲೆ ಬರೆದಿದ್ದ 'ವಗುತ್ತಲ್' ಎಂಬ ತಮಿಳು ಪದ ಅವನಿಗೆ ತಿಳಿದಿರಲಿಲ್ಲ. ಲೆಕ್ಕ ತಿಳಿದಿತ್ತು, ಲೆಕ್ಕದ ಹೆಸರು ತಿಳಿದಿರಲಿಲ್ಲ. ಇನ್ನೊಂದು ದಿನ ಹುಲಿಯ ಚಿತ್ರವನ್ನು ತೋರಿಸಿ ಇದೇನೆಂದು ಕೇಳಿದಾಗ ಅವನು 'ಹುಲಿ' ಎಂದನು. 'ಪುಲಿ' ಎನ್ನಬೇಕಾಗಿತ್ತು. ತರಗತಿಯೆಲ್ಲ ನಕ್ಕಿತು; ನಾವೂ ನಕ್ಕೆವೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಅಂದಿನಿಂದ ಅವನು ಉತ್ತರ ಗೊತ್ತಿದ್ದರೂ ಬಾಯಿ ತೆರೆಯಲಿಲ್ಲ. ಐದನೆಯ ತರಗತಿ ಮುಗಿಯುವ ಮುನ್ನವೇ ಶಾಲೆ ಬಿಟ್ಟು ಗುಂಡಿಮಗ್ಗದಲ್ಲಿ ಕುಳಿತನು. ಒಳ್ಳೆಯ ನೇಕಾರನಾದನು, ನಿಜ. ಆದರೆ ಅವನು ಮಂದನೆಂದು ಬರೆದಿಟ್ಟ ದಾಖಲೆಯನ್ನು ಯಾರೂ ತಿದ್ದಲಿಲ್ಲ.

ಈ ಸೀಮೆಗೆ ಕನ್ನಡ ನಿನ್ನೆ ಮೊನ್ನೆ ಬಂದುದಲ್ಲ. ಹೊಯ್ಸಳರ ದಣ್ಣಾಯಕರು ಭವಾನಿ ನದಿಯ ತೀರದಲ್ಲಿ ಆಳಿದ ನೆನಪನ್ನು ದಣ್ಣಾಯಕನ ಕೋಟೆ ಎಂಬ ಹೆಸರು ಉಳಿಸಿಕೊಂಡಿದೆ. ಆ ಕೋಟೆ ೧೯೫೫ರಲ್ಲಿ ಪೂರ್ತಿಯಾದ ಭವಾನಿಸಾಗರದ ನೀರಿನಲ್ಲಿ ಮುಳುಗಿಹೋಯಿತು. ಹದಿನೇಳನೆಯ ಶತಮಾನದಲ್ಲಿ ಮೈಸೂರು ಒಡೆಯರ ಆಳ್ವಿಕೆ ಘಟ್ಟದ ಕೆಳಗೆ ಹಬ್ಬಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಸೀಮೆ ಇಂಗ್ಲಿಷ್ ಕಂಪನಿಯ ವಶವಾಯಿತು. ಗಜ್ಜಲಹಟ್ಟಿಯ ಕಣಿವೆಯಲ್ಲಿಯೂ ದಿಂಬಂ ಘಟ್ಟದಲ್ಲಿಯೂ ಸೈನ್ಯಗಳು ಇಳಿದ ದಾರಿಯಲ್ಲಿಯೇ ಎತ್ತಿನ ಹೇರುಗಳೂ, ಬೇಸಾಯಗಾರರೂ, ನೇಕಾರರೂ ಇಳಿದು ಬಂದರು. ದೇವಾಂಗರು, ಒಕ್ಕಲಿಗರು, ಕುರುಬರು, ಲಿಂಗವಂತರು ಹೀಗೆ ಹಲವು ಸಮುದಾಯಗಳ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಬರುತ್ತದೆ. ಸಿರುಮುಗೈ, ನೆಗಮಂ ಮೊದಲಾದ ನೇಯ್ಗೆಯ ಊರುಗಳಲ್ಲಿ ಚೌಡೇಶ್ವರಿಯ ಗುಡಿಯೂ ಮಗ್ಗವೂ ಒಂದೇ ಬೀದಿಯಲ್ಲಿರುತ್ತವೆ. ಆದರೆ ಈ ಮನೆಗಳಲ್ಲಿ ಬಹುಪಾಲು ಕನ್ನಡವು ನಾಲಗೆಯ ಮೇಲಿನ ಭಾಷೆ. ಕಾಗದದ ಮೇಲಿನದು ತಮಿಳು. ಅಜ್ಜಿ ಕನ್ನಡದಲ್ಲಿ ಕಥೆ ಹೇಳುವಳು; ಅದೇ ಮನೆಯ ಮದುವೆಯ ಕರೆಯೋಲೆ ತಮಿಳಿನಲ್ಲಿ ಅಚ್ಚಾಗುವುದು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೆ ಶಾಲೆಯ ವಿಷಯಕ್ಕೆ ಬಂದಾಗ ಇದರ ಪರಿಣಾಮವನ್ನು ಅಲಕ್ಷಿಸುವಂತಿಲ್ಲ.

ಹಿಂದಿನ ಶಾಲೆಗಳ ಸ್ಥಿತಿ ಹೇಗಿತ್ತೆಂಬುದಕ್ಕೆ ನಮಗೆ ಒಂದು ಬೆಲೆಯುಳ್ಳ ದಾಖಲೆ ದೊರೆಯುತ್ತದೆ. ಮದರಾಸಿನ ಗವರ್ನರ್ ಆಗಿದ್ದ ಸರ್ ತಾಮಸ್ ಮನ್ರೋ ೧೮೨೨ರಲ್ಲಿ ಪ್ರಾಂತದ ಎಲ್ಲ ಕಲೆಕ್ಟರುಗಳಿಂದ ಶಾಲೆಗಳ ಲೆಕ್ಕವನ್ನು ತರಿಸಿದನು. ಪ್ರಾಂತದಲ್ಲಿ ಒಟ್ಟು ೧೨,೪೯೮ ಶಾಲೆಗಳಿದ್ದುವೆಂದು ಅವನ ೧೮೨೬ರ ಟಿಪ್ಪಣಿಯಿಂದ ತಿಳಿದುಬರುತ್ತದೆ. ಉದಕಮಂಡಲವನ್ನು ನೆಲೆಗೊಳಿಸಿದ ಜಾನ್ ಸಲಿವನ್ನನೇ ಆಗ ಕೊಯಮತ್ತೂರಿನ ಕಲೆಕ್ಟರನಾಗಿದ್ದನು. ಕೊಳ್ಳೇಗಾಲವನ್ನೂ ಒಳಗೊಂಡಿದ್ದ ಈ ಜಿಲ್ಲೆಯಿಂದ ಅವನು ಕಳುಹಿಸಿದ ಲೆಕ್ಕದಲ್ಲಿ ೭೬೩ ಶಾಲೆಗಳೂ ೮,೨೦೬ ವಿದ್ಯಾರ್ಥಿಗಳೂ ಇದ್ದರು. ಅಂದರೆ ಒಂದು ಶಾಲೆಗೆ ಸರಾಸರಿ ಹತ್ತು ಹನ್ನೊಂದು ಮಕ್ಕಳು. ಜಗಲಿಯ ಮೇಲೆ ಮರಳು ಹರಡಿ, ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠಗಳಿವು. ಹತ್ತು ಮಕ್ಕಳ ಮುಂದೆ ಕುಳಿತ ಐಗಳಿಗೆ ಪ್ರತಿಯೊಂದು ಮಗುವಿನ ಮನೆಯೂ ಮಾತೂ ತಿಳಿದಿರುತ್ತಿತ್ತು. ಊರವರು ಕೊಟ್ಟ ಧಾನ್ಯದಿಂದ ಅವರ ಜೀವನ ನಡೆಯುತ್ತಿದ್ದುದರಿಂದ ಊರಿನ ಮಾತನ್ನು ಅವರು ಕಡೆಗಣಿಸುವಂತಿರಲಿಲ್ಲ.

ಅದೇ ವಿಚಾರಣೆಯಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ಲನು ೧೮೨೩ರಲ್ಲಿ ಕಳುಹಿಸಿದ ವರದಿ ಗಡಿನಾಡಿನವರಾದ ನಮಗೆ ವಿಶೇಷ ಉಪಯುಕ್ತವಾದುದು. ಅಲ್ಲಿನ ೫೩೩ ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಮರಾಠಿಯವು ೨೩, ಸಂಸ್ಕೃತದವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ೧. ಒಂದೇ ಜಿಲ್ಲೆಯಲ್ಲಿ ಏಳು ಭಾಷೆಗಳ ಶಾಲೆಗಳು ಅಕ್ಕಪಕ್ಕದಲ್ಲಿ ನಡೆಯುತ್ತಿದ್ದುವು. ಹೀಗೆಂದು ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವುದು ಬೇಡ. ಹೆಣ್ಣುಮಕ್ಕಳಿಗೂ ಕೆಳಗಿನವರೆನಿಸಿಕೊಂಡ ಜಾತಿಗಳ ಮಕ್ಕಳಿಗೂ ಆ ಜಗಲಿಯ ಮೇಲೆ ಸ್ಥಳವಿದ್ದುದು ಅತ್ಯಲ್ಪ. ಅಷ್ಟೇ ಅಲ್ಲದೆ ಕ್ಯಾಂಬೆಲ್ಲನು ಒಂದು ದೊಡ್ಡ ದೋಷವನ್ನು ಎತ್ತಿ ತೋರಿಸಿದ್ದಾನೆ. ಪಾಠದ ಪುಸ್ತಕಗಳೆಲ್ಲ ಆಡುಮಾತಿಗೆ ದೂರವಾದ ಪದ್ಯದ ಭಾಷೆಯಲ್ಲಿದ್ದುದರಿಂದ, ಮಕ್ಕಳು ಸಾಲುಸಾಲಾಗಿ ಒಪ್ಪಿಸುತ್ತಿದ್ದರೇ ಹೊರತು ಅರ್ಥವನ್ನು ಗಿಳಿಗಿಂತ ಹೆಚ್ಚಾಗಿ ಬಲ್ಲವರಾಗಿರಲಿಲ್ಲವೆಂದು ಅವನ ಆಕ್ಷೇಪಣೆ. ಅಕ್ಷರ ಓದಬಲ್ಲದು, ಅರ್ಥ ತಿಳಿಯಲಾರದು: ಇದು ಇನ್ನೂರು ವರ್ಷಗಳ ಹಿಂದೆ ಕಂಡುಹಿಡಿದ ರೋಗ. ಇಂದು ನಮ್ಮ ಮಕ್ಕಳಲ್ಲಿ ಕಾಣುವುದೂ ಇದೇ ರೋಗ.

೧೮೫೪ರಲ್ಲಿ ಚಾರ್ಲ್ಸ್ ವುಡ್ಡನ ವಿದ್ಯಾಭ್ಯಾಸದ ನಿರೂಪ ಬಂದಿತು. ಮೇಲಿನ ಶಿಕ್ಷಣಕ್ಕೆ ಇಂಗ್ಲಿಷ್, ಸಾಮಾನ್ಯ ಜನರ ಶಿಕ್ಷಣಕ್ಕೆ ದೇಶಭಾಷೆ ಎಂಬುದು ಅದರ ತಾತ್ಪರ್ಯ. ಕ್ರಮೇಣ ಕೂಲಿಮಠಗಳ ಸ್ಥಾನದಲ್ಲಿ ಇಲಾಖೆಯ ಶಾಲೆಗಳು ನೆಲೆಗೊಂಡುವು. ಅಚ್ಚಾದ ಪುಸ್ತಕ, ತನಿಖೆ, ಪರೀಕ್ಷೆ, ತರಗತಿಗಳ ವಿಭಾಗ ಇವೆಲ್ಲ ಬಂದುವು. ಎಲ್ಲ ಜಾತಿಯ ಮಕ್ಕಳಿಗೂ ಬಾಗಿಲು ಮೆಲ್ಲಮೆಲ್ಲಗೆ ತೆರೆಯಿತು. ಇದು ಮಹೋಪಕಾರವೇ ಸರಿ. ಆದರೆ 'ದೇಶಭಾಷೆ' ಎಂಬ ಮಾತಿಗೆ ಶಾಲೆಯ ಸುತ್ತಲಿನ ಬಹುಸಂಖ್ಯಾತರ ಭಾಷೆ ಎಂಬ ಅರ್ಥವೇ ಬಳಕೆಯಲ್ಲಿ ನಿಂತಿತು. ಕೊಳ್ಳೇಗಾಲದ ಕಡೆ ಅದು ಕನ್ನಡವಾಯಿತು, ಬಯಲಿನಲ್ಲಿ ತಮಿಳಾಯಿತು. ಬಯಲಿನ ಕನ್ನಡ ಬೀದಿಯ ಮಗು ತನ್ನ ಮನೆಯ ಮಾತನ್ನು ಶಾಲೆಯ ಹೊಸ್ತಿಲಲ್ಲಿ ಬಿಟ್ಟು ಒಳಗೆ ಹೋಗಬೇಕಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಈ ವಿಷಯಕ್ಕೆ ಮೊದಲ ಬಾರಿಗೆ ರಾಷ್ಟ್ರದ ಗಮನ ಹರಿಯಿತು. ೧೯೪೯ರ ಆಗಸ್ಟಿನಲ್ಲಿ ಸೇರಿದ ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನವು ಒಂದು ನಿಯಮವನ್ನು ಅಂಗೀಕರಿಸಿತು. ಒಂದು ಶಾಲೆಯಲ್ಲಿ ೪೦ ಮಕ್ಕಳಾಗಲಿ ಒಂದು ತರಗತಿಯಲ್ಲಿ ೧೦ ಮಕ್ಕಳಾಗಲಿ ಬೇರೆ ಮಾತೃಭಾಷೆಯವರಿದ್ದರೆ, ಆ ಭಾಷೆಯಲ್ಲಿ ಕಲಿಸಲು ಕಡೆಯಪಕ್ಷ ಒಬ್ಬ ಉಪಾಧ್ಯಾಯರನ್ನು ಒದಗಿಸತಕ್ಕದ್ದು. ಸಲಿವನ್ನನ ಕಾಲದ ಕೂಲಿಮಠದಲ್ಲಿದ್ದಷ್ಟೇ, ಸುಮಾರು ಹತ್ತು ಮಕ್ಕಳು! ೧೯೫೬ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ ೩೫೦-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸಾಕಷ್ಟು ಅನುಕೂಲವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಅದು ಹೇಳುತ್ತದೆ. ಮುಂದಿನ ೩೫೦-ಬಿ ವಿಧಿಯು ಇದರ ಮೇಲ್ವಿಚಾರಣೆಗೆ ವಿಶೇಷಾಧಿಕಾರಿಯನ್ನು ನೇಮಿಸಿತು.

ಕಾಗದದ ಮೇಲೆ ಹಕ್ಕು ದೊರೆತ ವರ್ಷವೇ ನಕ್ಷೆಯೂ ಬದಲಾಯಿತು. ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕರಣದ ಆ ದಿನ ನಮ್ಮ ಹಿರಿಯರು ಸಿಹಿ ಹಂಚಿದರು. ಹಂಚಬೇಕಾದ ದಿನವೇ ಅದು. ಆದರೆ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ದಟ್ಟವಾಗಿದ್ದ ಭಾಗವು ಅಂದೇ ಕೈತಪ್ಪಿತು. ಘಟ್ಟದ ಮೇಲಿನ ತಾಳವಾಡಿಯ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು, ಡಾ. ರಾಜ್‌ಕುಮಾರರ ಗಾಜನೂರು ಇರುವುದೂ ಅಲ್ಲಿಯೇ. ೧೯೭೯ರಲ್ಲಿ ಪೆರಿಯಾರ್ ಜಿಲ್ಲೆ, ಎಂದರೆ ಇಂದಿನ ಈರೋಡು ಜಿಲ್ಲೆ, ರಚಿತವಾದಾಗ ತಾಳವಾಡಿಯೂ ಕೊಯಮತ್ತೂರಿನಿಂದ ಬೇರ್ಪಟ್ಟಿತು. ೨೦೦೯ರಲ್ಲಿ ತಿರುಪ್ಪೂರು ಜಿಲ್ಲೆ ಹುಟ್ಟಿ ಉಳಿದವರೂ ಎರಡು ಪಾಲಾದರು. ಕಾಸರಗೋಡಿನ ಬಂಧುಗಳು ೧೯೫೬ರಲ್ಲಿ ಕೇರಳಕ್ಕೆ ಸೇರಿದರೂ ಒಂದೆಡೆ ಒತ್ತಾಗಿ ನೆಲೆಸಿರುವುದರಿಂದ ಅವರಿಗೆ ಕನ್ನಡ ಶಾಲೆಗಳಿವೆ; ತಾಳವಾಡಿಯಲ್ಲಿಯೂ ಇವೆ. ನಮ್ಮ ಎರಡು ಜಿಲ್ಲೆಗಳ ಕನ್ನಡಿಗರಾದರೋ ಊರಿಗೊಂದು ಬೀದಿ, ಬೀದಿಗೆ ಹತ್ತು ಮನೆ ಎಂಬಂತೆ ಚದುರಿದ್ದಾರೆ. ೨೦೧೧ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ೧೨ ಲಕ್ಷ ೮೬ ಸಾವಿರ. ನೂರಕ್ಕೆ ಎರಡಕ್ಕಿಂತ ಕೊಂಚ ಕಡಿಮೆ. ಈ ಸಂಖ್ಯೆ ಸಣ್ಣದಲ್ಲ. ಆದರೆ ೪೦ ಮತ್ತು ೧೦ರ ನಿಯಮವು ಒತ್ತಾಗಿರುವವರಿಗೆ ಒದಗುವಂತೆ ಚದುರಿದವರಿಗೆ ಒದಗುವುದಿಲ್ಲ. ನಮ್ಮ ತೊಂದರೆಯ ಐತಿಹಾಸಿಕ ಮೂಲ ಇದೇ ಎಂದು ನಮ್ಮ ಅಭಿಪ್ರಾಯ.

ಇನ್ನು ಶಾಲೆಯ ಭಾಷಾನೀತಿಯನ್ನು ನೋಡೋಣ. ೧೯೬೮ರಿಂದ ತಮಿಳುನಾಡಿನಲ್ಲಿ ತಮಿಳು, ಇಂಗ್ಲಿಷ್ ಎಂಬ ಎರಡು ಭಾಷೆಗಳ ಪದ್ಧತಿ ನಡೆದುಬಂದಿದೆ. ೨೦೦೬ರ ತಮಿಳು ಕಲಿಕೆಯ ಕಾಯಿದೆಯಂತೆ ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಹತ್ತನೆಯದರವರೆಗೆ ತಮಿಳು ಕಡ್ಡಾಯವಾಯಿತು. ಬೇರೆ ಮಾತೃಭಾಷೆಯವರು ತಮ್ಮ ಭಾಷೆಯನ್ನು ಐಚ್ಛಿಕವಾಗಿ ಓದಬಹುದೆಂಬ ಏರ್ಪಾಡು ಉಳಿಯಿತು. ಈ ಕಾಯಿದೆಯ ಮಕ್ಕಳು ೨೦೧೬ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಬಂದಾಗ ಭಾಷಾ ಅಲ್ಪಸಂಖ್ಯಾತರು ಮದರಾಸಿನ ಉಚ್ಚ ನ್ಯಾಯಾಲಯಕ್ಕೆ ಹೋಗಿ ತಮಿಳು ಪತ್ರಿಕೆಯಿಂದ ವಿನಾಯಿತಿ ಪಡೆದರು. ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಂದು ವರ್ಷದ ವಿನಾಯಿತಿಯನ್ನು ನೀಡಿತು. ವಿನಾಯಿತಿ ಬೇಕಾದವರಿಗೆ ಅದು ದೊರೆತುದು ಸಂತೋಷವೇ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಮಗು ಎಡವುವುದು ಮೊದಲನೆಯ ತರಗತಿಯಲ್ಲಿ. ನಾವು ಕೈ ಹಿಡಿಯಲು ಓಡುವುದು ಹತ್ತನೆಯ ತರಗತಿಯಲ್ಲಿ. ಪರೀಕ್ಷೆಯಿಂದ ಬಿಡುಗಡೆ ದೊರೆತ ಮಾತ್ರಕ್ಕೆ ವಿದ್ಯೆ ದೊರೆತಂತಾಗುವುದಿಲ್ಲ. ತಮಿಳಿನ ನೆಲದಲ್ಲಿ ಬಾಳುವ ನಮ್ಮ ಮಕ್ಕಳಿಗೆ ತಮಿಳು ಚೆನ್ನಾಗಿ ಬರಲೇಬೇಕು. ಅದು ನಮಗೆ ಅನ್ನ ಕೊಟ್ಟ ಭಾಷೆ. ಪ್ರಶ್ನೆಯಿರುವುದು ಅದನ್ನು ಹೇಗೆ ಕಲಿಸಬೇಕೆಂಬುದರಲ್ಲಿ.

ಈ ಪ್ರಶ್ನೆಯನ್ನು ಹೊರದೇಶಗಳೂ ಎದುರಿಸಿವೆ. ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು ೧,೮೦೦ ಚೀನೀ ಮಕ್ಕಳು ಯಾವ ವಿಶೇಷ ನೆರವೂ ಇಲ್ಲದೆ ಇಂಗ್ಲಿಷ್ ತರಗತಿಗಳಲ್ಲಿ ಕುಳಿತಿದ್ದರು. ಅವರ ಪರವಾಗಿ ಹೂಡಿದ ಲಾವ್ ಮೊಕದ್ದಮೆಯಲ್ಲಿ ೧೯೭೪ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಒಂದೇ ಕಟ್ಟಡ, ಒಂದೇ ಪುಸ್ತಕ, ಒಬ್ಬರೇ ಉಪಾಧ್ಯಾಯರು ಎಂಬ ಮಾತ್ರಕ್ಕೆ ಸಮಾನತೆ ಆಗದು. ಪಾಠದ ಭಾಷೆಯೇ ತಿಳಿಯದ ಮಗುವಿಗೆ ಪಾಠವೇ ಇಲ್ಲದಂತೆ ಎಂಬುದು ಆ ತೀರ್ಪಿನ ಸಾರ. ೧೯೮೧ರಲ್ಲಿ ಟೆಕ್ಸಾಸಿನಿಂದ ಬಂದ ಕಾಸ್ಟನ್ಯೇಡ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವು ಅಂತಹ ಮಕ್ಕಳಿಗಾಗಿ ಶಾಲೆ ಹಾಕಿಕೊಂಡ ಕ್ರಮಕ್ಕೆ ಮೂರು ಪ್ರಶ್ನೆಗಳನ್ನು ಹಾಕಿತು: ಆ ಕ್ರಮ ಬಲ್ಲವರು ಒಪ್ಪುವ ತತ್ತ್ವದ ಮೇಲೆ ನಿಂತಿದೆಯೇ? ಅದನ್ನು ನಡೆಸಲು ಬೇಕಾದ ಉಪಾಧ್ಯಾಯರೂ ಸಾಮಗ್ರಿಯೂ ಇವೆಯೇ? ಕೆಲವು ಕಾಲದ ನಂತರ ಮಕ್ಕಳು ನಿಜವಾಗಿ ಕಲಿತಿದ್ದಾರೆಯೇ? ಈ ಮೂರು ಪ್ರಶ್ನೆಗಳು ನಮ್ಮ ಊರಿನ ಶಾಲೆಗೂ ಒಪ್ಪುವಂಥವು.

ಎಷ್ಟು ಕಾಲ ಬೇಕೆಂಬುದನ್ನೂ ವಿದ್ವಾಂಸರು ಅಳೆದಿದ್ದಾರೆ. ಕೆನಡಾ ದೇಶದ ಜಿಮ್ ಕಮಿನ್ಸ್ ಎಂಬವರ ಸಂಶೋಧನೆಯಂತೆ, ಹೊಸ ಭಾಷೆಯಲ್ಲಿ ಆಟದ ಬಯಲಿನ ಮಾತು ಸುಮಾರು ಎರಡು ವರ್ಷಗಳಲ್ಲಿ ಬಂದುಬಿಡುತ್ತದೆ. ಪುಸ್ತಕದ ಭಾಷೆಯಲ್ಲಿ ಇತರರ ಸಮಕ್ಕೆ ಬರಲು ಐದರಿಂದ ಏಳು ವರ್ಷಗಳು ಬೇಕು. ನಮ್ಮ ಮಗು ಬೀದಿಯಲ್ಲಿ ತಮಿಳನ್ನು ಪಟಪಟನೆ ಆಡುವುದನ್ನು ಕೇಳಿ 'ಇವನಿಗೆ ಭಾಷೆಯ ತೊಂದರೆ ಏನೂ ಇಲ್ಲ' ಎಂದು ಎಲ್ಲರೂ ನಂಬುತ್ತಾರೆ. ಪುಸ್ತಕದಲ್ಲಿ ಅವನು ತಡವರಿಸಿದಾಗ, ಭಾಷೆಯ ಕೊರತೆಯನ್ನು ಬುದ್ಧಿಯ ಕೊರತೆಯೆಂದು ಎಣಿಸುತ್ತಾರೆ. ತಮಿಳಿನಲ್ಲಿ ಆಡುಮಾತಿಗೂ ಬರಹಕ್ಕೂ ಇರುವ ಅಂತರ ದೊಡ್ಡದು. ತಮಿಳು ಮನೆಯ ಮಗುವೇ ಒಂದು ಹೆಜ್ಜೆ ಹತ್ತಬೇಕಾದಲ್ಲಿ ಕನ್ನಡ ಮನೆಯ ಮಗು ಎರಡು ಹೆಜ್ಜೆ ಹತ್ತಬೇಕು. ಕಾಲವನ್ನು ಮೊಟಕುಗೊಳಿಸುವ ಸಾಹಸವನ್ನೂ ಅಮೆರಿಕನ್ನರು ಮಾಡಿ ನೋಡಿದ್ದಾರೆ. ಕ್ಯಾಲಿಫೋರ್ನಿಯದಲ್ಲಿ ೧೯೯೮ರ ಜನಮತವು ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ತಡೆದು, ಸಾಮಾನ್ಯವಾಗಿ ಒಂದು ವರ್ಷದ ಇಂಗ್ಲಿಷ್ ತರಬೇತಿ ಸಾಕೆಂದಿತು. ಹದಿನೆಂಟು ವರ್ಷಗಳ ಮೇಲೆ, ೨೦೧೬ರಲ್ಲಿ, ಅದೇ ಜನರು ಮತ್ತೊಂದು ಮತದಿಂದ ಆ ತಡೆಯನ್ನು ತೆಗೆದುಹಾಕಿದರು. ನಮ್ಮ ದೇಶದಲ್ಲಿಯೂ ಒಡಿಶಾ ಸರ್ಕಾರವು ೨೦೦೭ರಲ್ಲಿ ಬುಡಕಟ್ಟಿನ ಮಕ್ಕಳಿಗೆ ಅವರವರ ಮಾತಿನಲ್ಲಿಯೇ ಮೊದಲ ಪಾಠವನ್ನು ಆರಂಭಿಸಿ, ಅಲ್ಲಿಂದ ಒಡಿಯಾ ಭಾಷೆಗೆ ದಾಟಿಸುವ ಕ್ರಮವನ್ನು ಹಲವು ಭಾಷೆಗಳಲ್ಲಿ ಕೈಗೊಂಡಿತು. ಮನೆಯ ಮಾತು ಹೊಸ ಭಾಷೆಗೆ ಅಡ್ಡಿಯಲ್ಲ, ಮೆಟ್ಟಿಲು ಎಂಬುದು ಈ ಅನುಭವಗಳ ಒಟ್ಟು ಫಲಿತಾಂಶ.

ಚೀನೀ ಮಗುವಿಗೂ ಇಂಗ್ಲಿಷಿಗೂ ಇರುವ ದೂರದಷ್ಟು ದೂರ ಕನ್ನಡಕ್ಕೂ ತಮಿಳಿಗೂ ಇಲ್ಲ. ಇವು ಒಂದೇ ತಾಯಿಯ ಮಕ್ಕಳು. ನಮ್ಮ 'ಹಾಲು' ಅವರ 'ಪಾಲ್', ನಮ್ಮ 'ಹಲ್ಲು' 'ಪಲ್', 'ಹತ್ತು' 'ಪತ್ತು'. ಪದದ ಆದಿಯ ಪಕಾರ ಕನ್ನಡದಲ್ಲಿ ಹಕಾರವಾಯಿತು. ನಮ್ಮ 'ಬಾಯಿ' 'ವಾಯ್', 'ಬೆಲ್ಲ' 'ವೆಲ್ಲಂ'. ನಮ್ಮ 'ಕಿವಿ' 'ಸೆವಿ', 'ಕೇರಿ' 'ಸೇರಿ'. ಕೂಡುವ ಲೆಕ್ಕ ಅವರಿಗೆ 'ಕೂಟ್ಟಲ್'. ಕಳೆಯುವ ಲೆಕ್ಕ 'ಕಳಿತ್ತಲ್'. ನಮ್ಮ ಗೆಳೆಯನನ್ನು ಬೆಂಚಿನ ಮೇಲೆ ನಿಲ್ಲಿಸಿದ 'ವಗುತ್ತಲ್' ಕೂಡ ನಮ್ಮ 'ಬಗೆ' ಎಂಬ ಪದದ ದಾಯಾದಿಯೇ. ಬಗೆಬಗೆಯಾಗಿ ಪಾಲು ಮಾಡುವುದು ಎಂದಿದ್ದರೆ ಅವನಿಗೆ ಒಂದು ಕ್ಷಣ ಸಾಕಾಗುತ್ತಿತ್ತು. ಇನ್ನು 'ಹುಲಿ'ಯ ಮಾತು. ಹಳಗನ್ನಡದಲ್ಲಿ ಅದು 'ಪುಲಿ'ಯೇ ಆಗಿತ್ತು! ತರಗತಿ ನಕ್ಕ ಆ ದಿನ, ನಿನ್ನ ಪೂರ್ವಿಕರೂ ಹೀಗೆಯೇ ಅನ್ನುತ್ತಿದ್ದರು ಮಗು ಎಂದು ಹೇಳಬಲ್ಲ ಒಬ್ಬರಿದ್ದಿದ್ದರೆ ಆ ಹುಡುಗನ ಬಾಯಿ ಮುಚ್ಚುತ್ತಿರಲಿಲ್ಲ. ಲಿಪಿಯ ವಿಷಯವೂ ಹೀಗೆಯೇ. ತಮಿಳಿನಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ಸ್ಥಾನ ನೋಡಿ ಉಚ್ಚರಿಸಬೇಕು. ಮಹಾಪ್ರಾಣಗಳಿಲ್ಲ. ಈ ನಾಲ್ಕಾರು ಸೂತ್ರಗಳನ್ನು ಬಲ್ಲ ಉಪಾಧ್ಯಾಯರು ಒಂದು ತಿಂಗಳಲ್ಲಿ ಮಗುವಿಗೆ ನೂರಾರು ಪದಗಳ ಸೇತುವೆಯನ್ನು ಕಟ್ಟಿಕೊಡಬಲ್ಲರು. ಇದಕ್ಕೆ ಕಾಯಿದೆಯೂ ಬೇಡ, ಹಣವೂ ಬೇಡ, ತಿಳಿವಳಿಕೆಯೊಂದಿದ್ದರೆ ಸಾಕು.

ಇತ್ತೀಚೆಗೆ ಮೂರನೆಯ ಭಾಷೆಯೂ ಮೊದಲ ತರಗತಿಗೇ ಬಂದು ಕುಳಿತಿದೆ. ೨೦೧೨-೧೩ರಿಂದ ಸರ್ಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದಿವೆ. ತಮಿಳು ಹೇಗೂ ಮನೆಮಾತಲ್ಲವಷ್ಟೆ, ನೇರವಾಗಿ ಇಂಗ್ಲಿಷಿಗೇ ಹಾಕಿಬಿಡೋಣವೆಂದು ನಮ್ಮವರಲ್ಲಿ ಅನೇಕರ ಆಲೋಚನೆ. ಆ ಆಸೆ ತಪ್ಪಲ್ಲ. ಮಕ್ಕಳು ಮುಂದೆ ಬರಲೆಂದೇ ನಾವೆಲ್ಲರೂ ದುಡಿಯುವುದು. ಆದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂದಾದಾಗ, ಸಂಜೆ ಮಗು ಪುಸ್ತಕ ಹಿಡಿದು ಬಂದು ಕೇಳಿದರೆ ಅರ್ಥ ಹೇಳಬಲ್ಲವರು ಮನೆಯಲ್ಲಿರುವುದಿಲ್ಲ. ಆಗ ಆ ಮಗುವಿಗೂ ಕ್ಯಾಂಬೆಲ್ಲನು ಕಂಡ ಗಿಳಿಗೂ ವ್ಯತ್ಯಾಸವೇನು? ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಮೊಕದ್ದಮೆಯಲ್ಲಿ ಮಾಧ್ಯಮವನ್ನು ಆರಿಸುವ ಹಕ್ಕು ಹೆತ್ತವರದೆಂದು ತೀರ್ಮಾನಿಸಿತು. ಹಕ್ಕು ನಮ್ಮದಾದ ಮೇಲೆ ಹೊಣೆಯೂ ನಮ್ಮದೇ. ಯಾವ ಮಾಧ್ಯಮವನ್ನು ಆರಿಸಿದರೂ, ಪಾಠದ ಅರ್ಥವನ್ನು ಮನೆಯ ಮಾತಿನಲ್ಲಿ ಬಿಡಿಸಿ ಹೇಳುವ ಏರ್ಪಾಡನ್ನು ಮಾಡುವುದು ಅನಿವಾರ್ಯ.

ಹಾಗಾದರೆ ಮಾಡಬೇಕಾದುದೇನು? ಚರಿತ್ರೆಯಿಂದ ನಾವು ಕಲಿತಷ್ಟನ್ನು ಸಂಘದ ಬಂಧುಗಳ ಮುಂದೆ ಬಿನ್ನವಿಸುತ್ತೇವೆ. ಮೊದಲನೆಯದು ಲೆಕ್ಕ. ಶಾಲೆಗೆ ಸೇರಿಸುವಾಗ ಮಾತೃಭಾಷೆಯ ಅಂಕಣದಲ್ಲಿ ನಮ್ಮವರು ಅನೇಕರು ತಮಿಳೆಂದೇ ಬರೆಸುತ್ತಾರೆ. ಸಂಕೋಚದಿಂದಲೋ, ಏಕೆ ಬೇಕೆಂಬ ಔದಾಸೀನ್ಯದಿಂದಲೋ. ತರಗತಿಯಲ್ಲಿ ಹತ್ತು ಕನ್ನಡ ಮಕ್ಕಳಿದ್ದರೂ ದಾಖಲೆಯಲ್ಲಿ ಒಬ್ಬರೂ ಇರುವುದಿಲ್ಲ. ಬರೆಸದ ಹೆಸರಿಗೆ ಯಾವ ಸರ್ಕಾರವೂ ಉಪಾಧ್ಯಾಯರನ್ನು ಕೊಡಲಾರದು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಬೀದಿಬೀದಿಯ ಮಕ್ಕಳ ಲೆಕ್ಕವನ್ನು ಸಂಘವೇ ತೆಗೆಯಬೇಕು. ಎರಡನೆಯದು ಸಂಜೆಯ ಒಂದು ಗಂಟೆ. ನಮ್ಮಲ್ಲಿ ನಿವೃತ್ತ ಉಪಾಧ್ಯಾಯರಿದ್ದಾರೆ, ಕಾಲೇಜು ಓದುವ ಹೆಣ್ಣುಮಕ್ಕಳಿದ್ದಾರೆ. ಒಂದು ಮತ್ತು ಎರಡನೆಯ ತರಗತಿಯ ಮಕ್ಕಳನ್ನು ಗುಡಿಯ ಜಗಲಿಯಲ್ಲಿ ಕೂರಿಸಿ, ಅಂದಿನ ಪಾಠವನ್ನು ಕನ್ನಡದಲ್ಲಿ ವಿವರಿಸಿ, ಅದೇ ಪದಗಳನ್ನು ತಮಿಳಿನಲ್ಲಿ ಹೇಳಿಸಿದರೆ ಸಾಕು; ಕೊನೆಯ ಹತ್ತು ನಿಮಿಷ ಕನ್ನಡದ ಅಕ್ಷರ. ಮೂರನೆಯದು ತಾಳ್ಮೆ. ಐದು ವರ್ಷ ತುಂಬುವವರೆಗೆ ಯಾವ ಮಗುವನ್ನೂ ಮಂದನೆಂದು ಕರೆಯಕೂಡದು, ಮನೆಯಲ್ಲಿಯೂ ಕರೆಯಕೂಡದು. ನಾಲ್ಕನೆಯದು ಶಾಲೆಯೊಡನೆ ಸ್ನೇಹ. ತಮಿಳು ಉಪಾಧ್ಯಾಯರಲ್ಲಿ ಬಹುಮಂದಿ ಮಕ್ಕಳ ಹಿತವನ್ನೇ ಬಯಸುವವರು. ದೂರು ಹಿಡಿದು ಹೋಗುವ ಬದಲು, ಹಕಾರ ಪಕಾರಗಳ ಪಟ್ಟಿಯೊಂದನ್ನು ಅವರ ಕೈಗೆ ಕೊಟ್ಟರೆ ಅವರೇ ನಮ್ಮ ಬಲವಾಗುತ್ತಾರೆ.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇವೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಒಡಿಶಾ, ಬಿಹಾರಗಳಿಂದ ದುಡಿಯಲು ಬಂದವರ ಮಕ್ಕಳು ಇಂದು ಇಲ್ಲಿನ ಶಾಲೆಗಳಲ್ಲಿ ಕುಳಿತಿದ್ದಾರೆ. ಕರಿಹಲಗೆಯ ಮೇಲಿನ ಪದ ತಿಳಿಯದೆ ಅವರು ಕಿಟಕಿಯ ಕಡೆ ನೋಡುವಾಗ, ನಮ್ಮ ಗೆಳೆಯನ ಮುಖ ನಮಗೆ ನೆನಪಾಗುತ್ತದೆ. ಅವರ ಮಾತಿಗೂ ತಮಿಳಿಗೂ ನಮಗಿರುವಂತಹ ನಂಟೂ ಇಲ್ಲ. ನಾವು ಏರ್ಪಡಿಸುವ ಸಂಜೆಯ ಜಗಲಿಯಲ್ಲಿ ಆ ಮಕ್ಕಳಿಗೂ ಸ್ಥಳವಿರಬೇಕು. ಶತಮಾನಗಳ ಹಿಂದೆ ಘಟ್ಟವಿಳಿದು ಬಂದ ನಮ್ಮ ಹಿರಿಯರಿಗೂ ಯಾರೋ ಒಬ್ಬರು ಈ ನೆಲದ ಮಾತನ್ನು ಮೊದಲು ಕಲಿಸಿರಲೇಬೇಕಲ್ಲವೇ?

ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾದರೂ ಬಟ್ಟೆ ಒಂದೇ ಆಗಬಲ್ಲುದೆಂಬುದು ನೇಕಾರರ ಮನೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಎರಡು ಜಿಲ್ಲೆಗಳಲ್ಲಿ ಅಂತಹ ಹತ್ತು ಜಗಲಿಗಳು ತೆರೆದಿದ್ದರೆ, ಜಗಲಿಗೆ ಹತ್ತು ಮಕ್ಕಳಂತೆ ನೂರು ಮಕ್ಕಳು. ಅವರಲ್ಲಿ ಒಬ್ಬನಾದರೂ ಗೊತ್ತಿದ್ದ ಉತ್ತರವನ್ನು ನಾಚಿಕೆಯಿಲ್ಲದೆ ಎದ್ದು ನಿಂತು ಹೇಳಿದರೆ ಸಂಘದ ಈ ವರ್ಷದ ಸೇವೆ ಸಾರ್ಥಕವಾದಂತೆ. ಬಂಧುಗಳು ಈ ಕಾರ್ಯಕ್ಕೆ ಕೈ ಕೂಡಿಸಬೇಕೆಂದು ನಮ್ಮ ವಿನಮ್ರ ಅರಿಕೆ.